ಮೆಟ್ಟಿಲು ಹತ್ತದೆ ತಂದ ಉತ್ತರ

ಸಾಯುತ್ತಿದ್ದ ತಾಯಿಯನ್ನು ನೋಡಲು ಬರುವುದಿಲ್ಲ ಎಂದು ನನ್ನ ಸೊಸೆ ಶೈಲಾ ಹೇಳಿದಳೆಂದು ಅವಳ ತವರೂರು ನಂಬಿದೆ. ಅವಳು ಹಾಗೆ ಹೇಳಲಿಲ್ಲ. ತಾಯಿ ಸಾಯುತ್ತಿರುವುದೇ ಅವಳಿಗೆ ಗೊತ್ತಿರಲಿಲ್ಲ. ಆ ಮಾತು ನನ್ನದು. ನಾನು ಆಡಿ ಅವಳ ಹೆಸರಿಗೆ ಹಚ್ಚಿದೆ.

ಇದನ್ನು ಮೊದಲೇ ಹೇಳಿಬಿಟ್ಟೆ. ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ, ಅಲ್ಲಿ ಮುಟ್ಟುವಷ್ಟರಲ್ಲಿ ನನ್ನನ್ನು ನಾನೇ ಒಳ್ಳೆಯವಳನ್ನಾಗಿ ಮಾಡಿಕೊಂಡಿರುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತಿದೆ.

ನಾನು ನೀಲವ್ವ, ವಿಜಯಪುರದ ಕಡೆಯವಳು. ಗಂಡ ತೀರಿದ ಮೇಲೆ ಮಗ ಮಹಾಂತೇಶ ಲಂಡನ್ನಿಗೆ ಕರೆತಂದ. ಕೆಂಟನ್ನಿನಲ್ಲಿ ನಮ್ಮ ಮನೆ. ನಾನು ಓದಿದ್ದು ಮೂರನೆಯ ಇಯತ್ತೆ, ಅದೂ ಅರ್ಧ. ನನ್ನ ಅವ್ವ ಆಗ ಹಡೆದಿದ್ದಳು. ತೊಟ್ಟಿಲು ತೂಗಲು ಯಾರೂ ಇರಲಿಲ್ಲ. "ಒಂದ ತಿಂಗಳ ಮನ್ಯಾಗ ಇರು, ಆಮ್ಯಾಲ ಹೋಗೀಯಂತ" ಅಂದರು. ಆ ತಿಂಗಳು ಮುಗಿಯಲೇ ಇಲ್ಲ. ಮುಂದೆ ಶಾಲೆಯ ಮುಂದೆ ಹಾಯುವಾಗಲೆಲ್ಲ ತಲೆ ಬಗ್ಗಿಸಿಕೊಂಡು ಹೋಗುತ್ತಿದ್ದೆ — ಏನೋ ಕದ್ದವಳ ಹಾಗೆ. ಇದನ್ನು ಹೇಳುತ್ತಿರುವುದು ಕನಿಕರ ಬೇಡಲಿಕ್ಕಲ್ಲ. ನನ್ನ ತಲೆಯಲ್ಲಿ ಒಂದು ತಪ್ಪು ತಿಳಿವಳಿಕೆ ಹೇಗೆ ಕೂತಿತ್ತು ಎಂಬುದು ತಿಳಿಯಬೇಕಲ್ಲ, ಅದಕ್ಕೆ.

ಶೈಲಾ ಸಿಂದಗಿಯವಳು. ಮದುವೆಯಾಗಿ ಬಂದವಳು ಇಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ಗಲ್ಲಾದ ಮುಂದೆ ಕೂತು ವರ್ಷಗಟ್ಟಲೆ ದುಡಿದಳು. ನಲವತ್ತು ತುಂಬಿದ ವರ್ಷ ಒಂದು ದಿನ ರೊಟ್ಟಿ ತಿನ್ನುತ್ತಾ ಹೇಳಿದಳು.

"ಅತ್ತಿ, ಮುಂದಿನ ತಿಂಗಳಿಂದ ನಾ ಯೂನಿವರ್ಸಿಟಿಗೆ ಹೊಂಟೀನ್ರಿ."

"ಯಾರನ್ನ ಬಿಡಾಕ?"

"ಯಾರನ್ನೂ ಬಿಡಾಕಲ್ಲರಿ. ನಾನ ಓದಾಕ."

ನಾನು ನಕ್ಕೆ. ಕೆಟ್ಟ ನಗೆ. "ನಿಮ್ಮ ನಿಧಿನೂ ಸಾಲಿಗೆ ಹೊಕ್ಕಾಳ. ತಾಯಿ ಮಗಳು ಕೂಡಿ ಒಂದ ಪಾಟಿ ಹಿಡಕೊಂಡು ಹೋಗ್ರಿ" ಅಂದೆ. ಮೊಮ್ಮಗಳು ನಿಧಿ ಫೋನಿನಿಂದ ತಲೆ ಎತ್ತದೆ, "ಅಜ್ಜಿ, ಡೋಂಟ್ ಬಿ ಮೀನ್" ಅಂದಳು. ಶೈಲಾ ರೊಟ್ಟಿ ಮುಗಿಸಿ ಎದ್ದು ಕೈ ತೊಳೆದಳು.

ಸೋಷಿಯಲ್ ವರ್ಕ್ ಅನ್ನುವ ಓದು. ಯೂನಿವರ್ಸಿಟಿ ಇದ್ದದ್ದು ಸ್ಟ್ರಾಟ್‌ಫರ್ಡ್ ಕಡೆ, ಊರಿನ ಆ ತುದಿಗೆ. ವೆಂಬ್ಲಿ ಪಾರ್ಕಿನಲ್ಲಿ ಟ್ಯೂಬ್ ಹತ್ತಿ ಹೋಗುತ್ತಿದ್ದಳು. ಮೊದಮೊದಲು ಅವಳು ಪುಸ್ತಕ ತೆಗೆದರೆ ನಾನು ಪಾತ್ರೆ ಕುಕ್ಕುತ್ತಿದ್ದೆ. ಮೊದಲ ದಿನ ಅವಳು ಕ್ಲಾಸಿನೊಳಗೆ ಹೋದಾಗ ಹುಡುಗರು ಇವಳೇ ಟೀಚರೆಂದು ತಿಳಿದು ಮೊಬೈಲು ಒಳಗಿಟ್ಟು ಸುಮ್ಮನೆ ಕೂತರಂತೆ. ಅದನ್ನು ಹೇಳಿಕೊಂಡು ಅವಳೇ ನಕ್ಕಳು. ನಾನೂ ನಕ್ಕೆ. ಅಲ್ಲಿಂದ ಪಾತ್ರೆಯ ಸದ್ದು ಸ್ವಲ್ಪ ಕಡಿಮೆಯಾಯಿತು ಅನ್ನಿ.

ಆಮೇಲೆ ಅವಳೊಂದು ರೂಢಿ ಹಚ್ಚಿದಳು. ನಾನು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಅಂದು ಕಲಿತದ್ದನ್ನು ನನಗೆ ಕನ್ನಡದಲ್ಲಿ ಹೇಳುವುದು. "ನಿಮಗ ತಿಳೀತಂದ್ರ ನಂಗ ತಿಳದಂಗ್ರಿ" ಅನ್ನುತ್ತಿದ್ದಳು. ನಾನು ಪ್ರಶ್ನೆ ಕೇಳುತ್ತಿದ್ದೆ. ಒಮ್ಮೊಮ್ಮೆ ನನ್ನ ಪ್ರಶ್ನೆಗೆ ಅವಳ ಬಳಿ ಉತ್ತರ ಇರುತ್ತಿರಲಿಲ್ಲ. ಮರುದಿನ ಅಲ್ಲಿ ಕೇಳಿಕೊಂಡು ಬರುತ್ತಿದ್ದಳು. ನನ್ನ ಪ್ರಶ್ನೆ ಟ್ಯೂಬ್ ಹತ್ತಿ ಸ್ಟ್ರಾಟ್‌ಫರ್ಡಿಗೆ ಹೋಗಿ ಉತ್ತರ ತರುತ್ತಿತ್ತು. ಈ ವಯಸ್ಸಿನಲ್ಲಿ — ಹೇಳಲಿಕ್ಕೆ ನಾಚಿಕೆ — ಸಂಜೆಯಾದರೆ ನಾನು ಬಾಗಿಲಿನ ಕಡೆ ನೋಡುತ್ತಿದ್ದೆ.

ಒಂದು ಸಂಜೆಯ ಪಾಠ ಈಗಲೂ ನೆನಪಿದೆ. ವಯಸ್ಸಾದವರ ಮನೆಗೆ ಹೋದಾಗ, ಅವರ ಪರವಾಗಿ ಮನೆಯವರು ಉತ್ತರ ಹೇಳಿದರೆ ಅದನ್ನು ನಂಬಬಾರದಂತೆ. ಆ ಮನುಷ್ಯನನ್ನೇ ಕೇಳಬೇಕಂತೆ. "ಸೊಸಿ ಹೇಳಿದ್ದು ಮುದುಕಿ ಮಾತಲ್ಲರಿ ಅತ್ತಿ" ಅಂದಳು. "ಖರೇ" ಅಂದೆ ನಾನು. ಕೇಳಿದೆ, ಒಪ್ಪಿದೆ, ರೊಟ್ಟಿ ತಿರುವಿ ಹಾಕಿದೆ.

ಎರಡು ವರ್ಷ ಕಳೆಯುವಷ್ಟರಲ್ಲಿ ಆ ಡಿಗ್ರಿ ಅವಳದಾಗಿ ಉಳಿದಿರಲಿಲ್ಲ. ನನ್ನದಾಗಿತ್ತು. ಅವಳಿಗೆ ಅದು ನೌಕರಿಯ ದಾರಿ. ನನಗೆ — ಏನು ಹೇಳಲಿ. ಅರ್ಧಕ್ಕೆ ಬಿಟ್ಟ ಮೂರನೆಯ ಇಯತ್ತೆಯನ್ನು ಅವಳ ಕಾಲಿನಿಂದ ನಡೆದು ಮುಗಿಸುತ್ತಿದ್ದೆ.

ಕೊನೆಯ ವರ್ಷದ ಪರೀಕ್ಷೆ ಬಂತು. ಮಹಡಿಯ ಮೇಲಿನ ಸಣ್ಣ ಕೋಣೆಯಲ್ಲಿ ಅವಳು ಓದುತ್ತಿದ್ದಳು. ಫೋನಿದ್ದರೆ ಮನಸ್ಸು ಹರಿದುಹೋಗುತ್ತದೆಂದು, ಓದಲು ಕೂರುವ ಮೊದಲು ಅದನ್ನು ತಂದು ನನ್ನ ಕೈಗೆ ಕೊಡುತ್ತಿದ್ದಳು. "ಯಾರರೆ ಹಚ್ಚಿದ್ರ ನೀವ ಮಾತಾಡ್ರಿ. ಅಷ್ಟ ಜರೂರಿದ್ರ ನನ್ನ ಕರೀರಿ." ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಅದನ್ನು ಇಡುತ್ತಿದ್ದೆ.

ಎರಡು ಪರೀಕ್ಷೆ ಬಾಕಿ ಇದ್ದಾಗ ಒಂದು ಮಧ್ಯಾಹ್ನ ಫೋನು ಬಡಿಯಿತು. ಸಿಂದಗಿಯಿಂದ ಶೈಲಾಳ ತಮ್ಮ ಬಸವರಾಜ.

"ಅವ್ವಾರ, ಅಕ್ಕಗ ಕೊಡ್ರಿ. ನಮ್ಮವ್ವಗ ಭಾಳ ಆಗೇದರಿ. ಡಾಕ್ಟರ್ ಮನೀಗೆ ಒಯ್ರಿ ಅಂದುಬಿಟ್ರು. ಅಕ್ಕನ ಹೆಸರ ಒಂದ ಹಚ್ಯಾಳ. ಕಡೀಗೊಮ್ಮೆ ಮಗಳಿಗೆ ಉಡಿ ತುಂಬ್ತೀನಿ ಅಂತ ಸೀರಿ ತಗಸಿ ತಲಿದೆಸಿ ಇಟ್ಕೊಂಡಾಳರಿ."

ಬೀಗತಿ ಶಾಂತವ್ವನಿಗೆ ಆರಾಮಿಲ್ಲದ್ದು ಗೊತ್ತಿತ್ತು. ಇಷ್ಟಾಗಿದೆ ಎಂದು ಗೊತ್ತಿರಲಿಲ್ಲ. ನನಗೆ ಮೊದಲು ಬಂದ ವಿಚಾರ ಶಾಂತವ್ವನದಲ್ಲ. ಎರಡು ಪರೀಕ್ಷೆ — ಎರಡೇ ಎರಡು ಉಳಿದಿವೆ. ಈಗ ಹೋದರೆ ಸತ್ತ ಮನೆ, ತಿಥಿ, ತವರಿನ ಕಣ್ಣೀರು. ಅದೆಲ್ಲ ಮುಗಿಸಿ ಯಾರು ತಿರುಗಿ ಪುಸ್ತಕ ಹಿಡಿಯುತ್ತಾರೆ? ಒಂದು ತಿಂಗಳು ಮನೆಯಲ್ಲಿರು ಅಂದವರು ನನ್ನನ್ನು ತಿರುಗಿ ಕಳಿಸಿದ್ದರೇ?

"ಅಭ್ಯಾಸಕ್ಕ ಕುಂತಾಳಪ್ಪ" ಅಂದೆ.

"ಕೇಳ್ಕೊಂಡ ಬರ್ರಿ ಅವ್ವಾರ. ನಾ ಹಿಡ್ಕೊಂಡಿರ್ತೀನಿ."

ಫೋನು ಕೈಯಲ್ಲಿ ಹಿಡಿದು ಮೆಟ್ಟಿಲಿನ ಬುಡಕ್ಕೆ ಹೋದೆ. ಮೇಲಿನಿಂದ ಅವಳು ಗಟ್ಟಿಯಾಗಿ ಇಂಗ್ಲಿಷ್ ಓದುವುದು ಕೇಳುತ್ತಿತ್ತು. ತಪ್ಪಿದಲ್ಲಿ ನಿಲ್ಲಿಸಿ, ಮತ್ತೆ ಅದೇ ಸಾಲು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೆ. ಹತ್ತಿ ಹೋಗಿ ಕೇಳಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅಲ್ಲೇ ನಿಂತೆ. ಆಮೇಲೆ ಕಾಲು ತೆಗೆದೆ. ಅಡುಗೆಮನೆಗೆ ಬಂದು ಹೇಳಿದೆ:

"ಪರೀಕ್ಷಾ ಬಿಟ್ಟು ಬರಾಕ ಆಗೂದಿಲ್ಲ ಅಂದ್ಲಪ್ಪ."

ಬಸವರಾಜ, "ಹಂಗಂದ್ಲಾ?" ಅಂದ.

"ಹಂಗಂದ್ಲು."

ಫೋನು ಕಟ್ಟಾಯಿತು. ನನಗೇ ದಿಗಿಲಾಯಿತು. ಸುಳ್ಳು ಹೇಳಲು ತಡವರಿಸುತ್ತೇನೆ, ನಾಲಿಗೆ ಒಣಗುತ್ತದೆ ಎಂದುಕೊಂಡಿದ್ದೆ. ಇಲ್ಲ. ಉಪ್ಪು ಎಲ್ಲಿದೆ ಎಂದು ಕೇಳಿದರೆ ಹೇಳುವ ಹಾಗೆ ಬಂತು.

ಆಮೇಲೆ ಇನ್ನೊಂದು ಮಾಡಿದೆ. ಫೋನಿನಲ್ಲಿ ಬಂದ ಕರೆಯ ಗುರುತನ್ನು ಅಳಿಸಿಹಾಕಿದೆ. ನಿಧಿ ಯಾವಾಗಲೋ ನನ್ನ ಫೋನಿನಲ್ಲಿ ಅದನ್ನು ತೋರಿಸಿಕೊಟ್ಟಿದ್ದಳು. ಮಾತು ಬಾಯಿ ತಪ್ಪಿ ಬಂತು ಎಂದು ಯಾರಾದರೂ ಹೇಳಬಹುದು. ಬೆರಳು ತಪ್ಪಿ ಹೋಯಿತು ಎಂದು ನಾನು ಹೇಳಲಾರೆ.

ಸಂಜೆ ಶೈಲಾ ಕೆಳಗೆ ಬಂದು ಕೇಳಿದಳು. "ಊರಿಂದ ಏನರೆ ಫೋನ್ ಬಂದಿತ್ತೇನ್ರಿ ಅತ್ತಿ? ಯಾಕೋ ಅವ್ವಂದ ನೆನಪು."

ಅಲ್ಲಿ ಇನ್ನೊಂದು ಅವಕಾಶ ಇತ್ತು. ನಾನು ತಾಟು ಮುಂದಿಟ್ಟೆ. "ಇಲ್ಲ. ಎಲ್ಲಾ ಆರಾಮ ಇರಬೇಕು. ಉಣ್ಣು."

"ಮುಗೀಲಿ ತಡೀರಿ. ಮುಗಿಸೇ ಮಾತಾಡ್ತೀನಿ ಅಕೀ ಕೂಡ" ಅಂದಳು. ಉಂಡಳು.

ಕೊನೆಯ ಪರೀಕ್ಷೆಗೆ ಅವಳು ಹೊರಟಾಗ ನಾನೇ ಮೊಸರು ಸಕ್ಕರೆ ಕೊಟ್ಟೆ. ಅಷ್ಟರಲ್ಲಿ ಶಾಂತವ್ವ ಮಣ್ಣಾಗಿದ್ದಳು. ನನಗದು ಗೊತ್ತಿರಲಿಲ್ಲ. ಗೊತ್ತಿದ್ದರೂ ಮೊಸರು ಕೊಡುತ್ತಿದ್ದೆ ಅನಿಸುತ್ತದೆ.

ಮರುದಿನ ಬಸವರಾಜ ಫೋನು ಮಾಡಿ ಅಕ್ಕನಿಗೆ ಎರಡೇ ಮಾತು ಹೇಳಿದ. "ಅವ್ವ ಹೋದ್ಲು. ಎಲ್ಲಾ ಮುಗೀತು." ಶೈಲಾ ಅಡುಗೆಮನೆಯ ನೆಲದ ಮೇಲೆ ಕುಸಿದಳು. "ನಂಗ್ಯಾಕ ಹೇಳಲಿಲ್ಲೋ?" ಎಂದು ಕಿರುಚಿದಳು. ಅವನು, "ನಿನಗ ಪರೀಕ್ಷಾ ಇದ್ದುವಲ್ಲ" ಅಂದನಂತೆ. ತನ್ನ ಓದು ಕೆಡಬಾರದೆಂದು ತವರಿನವರು ಮುಚ್ಚಿಟ್ಟರು ಎಂದು ಅವಳು ತಿಳಿದಳು. ಅತ್ತು ಅತ್ತು ನನ್ನ ತೊಡೆಯ ಮೇಲೆಯೇ ತಲೆ ಇಟ್ಟಳು. ನಾನು ತಲೆ ನೇವರಿಸಿದೆ. ಆ ಕೈಯನ್ನು ಈಗ ನೋಡಿಕೊಳ್ಳುತ್ತೇನೆ.

ಊರಿಗೆ ಹೋಗಿ ಬಂದಳು. ತಮ್ಮನ ಹೆಂಡತಿ ಬಾಗಿಲಲ್ಲೇ "ಬಂದ್ರಾ? ಪರೀಕ್ಷಾ ಮುಗದ್ವಾ?" ಅಂದಳಂತೆ. ಚುಚ್ಚುಮಾತು ಇವಳಿಗೆ ಪ್ರಶ್ನೆಯಾಗಿ ಕೇಳಿದೆ. "ಮುಗದ್ವು" ಎಂದು ಉತ್ತರ ಕೊಟ್ಟಿದ್ದಾಳೆ. ಅವಳ ಚೀಲ ಬಿಚ್ಚಿದವಳು ನಾನು. ಬಟ್ಟೆ ಇತ್ತು, ತಾಯಿಯ ಒಂದು ಫೋಟೋ ಇತ್ತು. ಕುಬಸದ ಖಣ ಇಲ್ಲ, ಅಕ್ಕಿ ಇಲ್ಲ, ಕೊಬ್ಬರಿ ಬಟ್ಟಲು ಇಲ್ಲ. ನಮ್ಮ ಕಡೆ ವೈರಿಯ ಮನೆಯಿಂದಲೂ ಹೆಣ್ಣುಮಗಳನ್ನು ಮಡಿಲು ತುಂಬದೆ, ಬರಿ ಉಡಿಯಲ್ಲಿ ಕಳಿಸುವುದಿಲ್ಲ. "ದುಃಖದಾಗ ಮರತಿರಬೇಕ್ರಿ" ಅಂದಳು ಶೈಲಾ. ಮರೆತಿರಲಿಲ್ಲ. ನನಗೆ ಆಗಲೇ ತಿಳಿಯಿತು. ಚೀಲ ಮಡಚಿ ಕಪಾಟಿನ ಮೇಲೆ ಎಸೆದೆ.

ಆ ವರ್ಷದ ನಾಗರ ಪಂಚಮಿಗೆ ತಮ್ಮನ ಕರೆ ಬರಲಿಲ್ಲ. ಮುಂಚೆ ಪ್ರತಿ ಪಂಚಮಿಗೂ ಉಂಡಿ ಕಟ್ಟಿಸಿ ಯಾರ ಕೈಯಲ್ಲಾದರೂ ಕಳಿಸುತ್ತಿದ್ದ. ಆಮೇಲೆ ಉಂಡಿಯೂ ಇಲ್ಲ, ಮಾತೂ ಇಲ್ಲ. ಪ್ರತಿ ವರ್ಷ ಶೈಲಾ ತಾನೇ ಹಚ್ಚುತ್ತಾಳೆ. ಅವನು ಎತ್ತುವುದಿಲ್ಲ. ನಾನು ಆಚೆ ಮುಖ ಮಾಡಿ ಹಿಟ್ಟು ನಾದುತ್ತೇನೆ.

ಡಿಗ್ರಿ ಕೊಡುವ ದಿನ ಶೈಲಾ ಕರಿ ಗೌನಿನ ಜೊತೆ ಹಾಕಿದ್ದ ಟೋಪಿಯನ್ನು ತೆಗೆದು ನನ್ನ ತಲೆಯ ಸೆರಗಿನ ಮೇಲೆ ಇಟ್ಟಳು. ಫೋಟೋ ಇದೆ. ನಾನು ಹಲ್ಲು ಬಿಟ್ಟಿದ್ದೇನೆ.

ಅದಾದ ಮೇಲೆ ಅವಳ ಜೊತೆ ಓದಿದವಳೊಬ್ಬಳು ಚಹಾಕ್ಕೆ ಬಂದಿದ್ದಳು, ಆಫ್ರಿಕಾ ಕಡೆಯ ಹೆಣ್ಣುಮಗಳು. ಅವರಪ್ಪ ಆಸ್ಪತ್ರೆಯಲ್ಲಿದ್ದಾಗ ಇವಳು ಒಂದು ಪರೀಕ್ಷೆಗೆ ಹೋಗಲಿಲ್ಲವಂತೆ. ಯೂನಿವರ್ಸಿಟಿಯವರು ಮುಂದೆ ಬರೆ ಎಂದು ಬೇರೆ ದಿನ ಕೊಟ್ಟರಂತೆ. ಶೈಲಾ ಅದನ್ನು ನನಗೆ ಕನ್ನಡದಲ್ಲಿ ಹೇಳಿದಳು — ದಿನಾ ಹೇಳುತ್ತಿದ್ದ ಹಾಗೆಯೇ. ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ. ಒಂದು ಸಲ ಬಿಟ್ಟರೆ ಮುಗಿದೇ ಹೋಯಿತು ಎಂಬ ನನ್ನ ಮೂರನೆಯ ಇಯತ್ತೆಯ ಲೆಕ್ಕ ಇಲ್ಲಿ ನಡೆಯುತ್ತಲೇ ಇರಲಿಲ್ಲ. ಅವಳು ಹೋಗಿ, ತಾಯಿಯ ಕೈಯಿಂದ ಉಡಿ ತುಂಬಿಸಿಕೊಂಡು, ಮಣ್ಣು ಮಾಡಿ ಬಂದು, ನಿಧಾನ ಪರೀಕ್ಷೆ ಬರೆಯಬಹುದಿತ್ತು. ಡಿಗ್ರಿ ಎಲ್ಲಿಗೂ ಹೋಗುತ್ತಿರಲಿಲ್ಲ. ನಾನು ಉಳಿಸಿದ್ದು ಏನೂ ಇಲ್ಲ.

ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ವರ್ಷಗಳು ಹೋದವು. ಶೈಲಾ ಕೌನ್ಸಿಲಿನಲ್ಲಿ ಕೆಲಸಕ್ಕೆ ಸೇರಿದಳು. ದಿಕ್ಕಿಲ್ಲದ ಮುದುಕ ಮುದುಕಿಯರ ಮನೆಗೆ ಹೋಗುತ್ತಾಳೆ. ಅವರನ್ನೇ ಕೇಳುತ್ತಾಳೆ.

ಈ ವರ್ಷ ಇಲ್ಲಿನ ನಮ್ಮ ಕನ್ನಡದವರು ಸೇರಿದ್ದರು, ಒಂದು ಶಾಲೆಯ ಹಾಲ್‌ನಲ್ಲಿ. ನಲವತ್ತಕ್ಕೆ ಓದಲು ಹೋದ ಕಥೆ ಹೇಳು ಎಂದು ಶೈಲಾಳನ್ನು ಎಬ್ಬಿಸಿದರು. ಅವಳು ಹೇಳಿದಳು. ರೊಟ್ಟಿ, ಸ್ಟೂಲು, ಪಾಠ, ಎಲ್ಲ ಹೇಳಿದಳು. ಕೊನೆಗೆ, "ನನಗೆ ಹಡೆದವ್ವನ ಮುಖ ನೋಡುವುದು ಸಿಗಲಿಲ್ಲ. ಆದರೆ ಈ ಅವ್ವ ನನ್ನನ್ನು ಕೈಬಿಡಲಿಲ್ಲ" ಎಂದು ನನ್ನ ಕಡೆ ಕೈ ತೋರಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಗ ನನ್ನ ರಟ್ಟೆ ಹಿಡಿದು ಎಬ್ಬಿಸಿದ. ನಾನು ಕೈ ಮುಗಿದೆ. ಮುಗಿದೆನಲ್ಲ!

ಊಟಕ್ಕೆ ಕೂತಾಗ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು. ಮಗಳ ಬಾಣಂತನಕ್ಕೆ ಬಂದವಳು, ಸಿಂದಗಿಯವಳೇ. ಅನ್ನ ಕಲಸುತ್ತಾ ಅಂದಳು.

"ಭಾಷಣಾ ಛಲೋ ಮಾಡ್ತಾಳ ಬಿಡ್ರಿ ನಿಮ್ಮ ಸೊಸಿ. ಹಡದಾಕಿ ಜೀವಾ ಹಿಡ್ಕೊಂಡು ದಾರಿ ನೋಡೂ ಮುಂದ ಬರಂಗಿಲ್ಲ ಅಂದಾಕಿ."

"ಯಾರ ಹೇಳಿದ್ರವ್ವಾ?"

"ಯಾರ ಹೇಳೂದೇನ್ರಿ, ಊರಿಗೆ ಗೊತ್ತದ. ನಮ್ಮ ಓಣ್ಯಾಗ ಹುಡಿಗ್ಯಾರನ್ನ ಕಾಲೇಜಿಗೆ ಕಳಸೂ ಮುಂದ ಈಗ್ಲೂ ಅದನ್ನ ಅಂತಾರ. ಓದಿ ಶೈಲಾನಂಗ ಕಲ್ಲಾಗಬ್ಯಾಡವಾ ಅಂತ. ನನ್ನ ಮೈದುನ ಅಂತೂ ಮಗಳನ್ನ ಹತ್ತನೇತ್ತಕ್ಕ ಬಿಡಿಸೇಬಿಟ್ಟ."

ಕೈಯ ತುತ್ತನ್ನು ತಿರುಗಿ ತಾಟಿಗೆ ಹಾಕಿದೆ. ಓದು ನಿಲ್ಲಬಾರದೆಂದು ನಾನು ಆಡಿದ ಸುಳ್ಳು — ಅದೇ ಸುಳ್ಳನ್ನು ಹಿಡಿದು ಅಲ್ಲಿ ಯಾರೋ ಒಂದು ಕೂಸನ್ನು ಶಾಲೆ ಬಿಡಿಸಿದ್ದಾರೆ. ಅದೂ ಈಗ ಯಾರ ಮನೆಯ ತೊಟ್ಟಿಲು ತೂಗುತ್ತಿದೆಯೋ. ಹಾಲ್ ತುಂಬ ಗಲಗಲ ಮಾತು, ಮಕ್ಕಳ ಓಡಾಟ. ನನಗೆ ಏನೂ ಕೇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಶೈಲಾ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು, ಮಹಡಿಯ ಮೇಲೆ, ಅದೇ ಸಣ್ಣ ಕೋಣೆಯಲ್ಲಿ. ನಾನು ನನ್ನ ಫೋನಿನಿಂದ ಬಸವರಾಜನಿಗೆ ಹಚ್ಚಿದೆ. ನನ್ನ ನಂಬರು ಅವನಿಗೆ ಗುರುತಿರಲಿಲ್ಲ, ಎತ್ತಿದ.

"ನಾ ನೀಲವ್ವ, ಶೈಲಾನ ಅತ್ತಿ. ಕಟ್ ಮಾಡಬ್ಯಾಡ. ಅವತ್ತ ಬರಾಕ ಆಗೂದಿಲ್ಲ ಅಂದಿದ್ದು ನಿಮ್ಮಕ್ಕ ಅಲ್ಲ. ನಾ ಅಕೀನ್ನ ಕೇಳೇ ಇಲ್ಲ. ಅಕೀಗೆ ಏನಂದ್ರ ಏನೂ ಗೊತ್ತಿಲ್ಲ."

ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. ಒಂದು ವಿಚಿತ್ರ ಸದ್ದು ಬಂತು, ಕೆಮ್ಮೋ ಅಳುವೋ.

"ಅವತ್ತ ನೀವು ಕೇಳಾಕ ಹೋದಾಗ ಫೋನ್ ಸ್ಪೀಕರಿಗೆ ಹಚ್ಚಿದ್ನಿರಿ ಅವ್ವಾರ" ಅಂದ. "ಅಕ್ಕನ ದನಿ ಕೇಳ್ಲಿ ಅಂತ ಅವ್ವನ ಎದಿ ಮ್ಯಾಲ ಇಟ್ಟಿದ್ನಿ. ನಿಮ್ಮ ಮಾತು ಕೇಳಿದ್ಲು."

ಇಷ್ಟು ವರ್ಷ ನಾನು ಅಂದುಕೊಂಡಿದ್ದೇನು — ಮಗ ತಾಯಿಗೆ ಏನಾದರೂ ಸಮಾಧಾನ ಹೇಳಿರುತ್ತಾನೆ, ಬರ್ತಾಳೆ ಅಂದಿರುತ್ತಾನೆ ಎಂದು. ಇಲ್ಲ. ಆ ಮಾತು ನೇರ ಅವಳ ಎದೆಯ ಮೇಲೆಯೇ ಬಿದ್ದಿತ್ತು.

"ಏನಂದ್ಲು?" ಎಂದು ಕೇಳಿದೆ.

"'ಅದು ನನ್ನ ಮಗಳ ಮಾತಲ್ಲ. ಮತ್ತೊಮ್ಮೆ ಹಚ್ಚು' ಅಂದ್ಲು. ನಂಗ ಸಿಟ್ಟು ಬಂದಿತ್ರಿ. ಹಚ್ಚಲಿಲ್ಲ. ಮರುದಿನ ನಸುಕಿನ್ಯಾಗ ಹೋದ್ಲು."

ಅವನೂ ತಪ್ಪು ಮಾಡಿದ್ದ. ಅದನ್ನು ಕೇಳಿ ನನಗೆ ಒಂದು ಕ್ಷಣ ಹಗುರಾಯಿತು — ಪಾಲು ಹಂಚಿಕೊಳ್ಳಲು ಯಾರೋ ಸಿಕ್ಕ ಹಾಗೆ. ಅದನ್ನೂ ಇಲ್ಲಿ ಹೇಳುತ್ತೇನೆ. ಶಾಂತವ್ವನಿಗೆ ಗೊತ್ತಾಗಿತ್ತು. ಪ್ರಾಣ ಹೋಗುವಾಗಲೂ ಅವಳು ಮಗಳನ್ನು ನಂಬಿದಳು. ಆ ಮಗಳ ಜೊತೆ ಒಂದೇ ಸೂರಿನ ಕೆಳಗಿದ್ದ ನಾನು, ಅವಳನ್ನು ಕೇಳಲೂ ಇಲ್ಲ.

"ಬಸವರಾಜ, ಹಿಡ್ಕೊಂಡಿರು" ಅಂದೆ. "ಈಗ ಖರೇನ ಹೋಗ್ತೀನಿ."

"ಹಿಡ್ಕೊಂಡಿರ್ತೀನ್ರಿ" ಅಂದ.

ಮೊಣಕಾಲು ಈಗ ಮಾತು ಕೇಳುವುದಿಲ್ಲ. ಕಟಕಟೆ ಹಿಡಿದು ಹತ್ತಿದೆ. ಬಾಗಿಲು ತೆರೆದಾಗ ಶೈಲಾ ಹೆದರಿ ಎದ್ದಳು. "ಯಾಕ ಹತ್ತಿದ್ರಿ ಅತ್ತಿ, ನನ್ನ ಕರೀಬಾರ್ದಾ?" ಫೋನು ಮುಂದೆ ಹಿಡಿದೆ. "ನಿಮ್ಮ ತಮ್ಮ ಅದಾನ. ಅವನ ಕೂಡ ಮಾತಾಡೂಕಿಂತ ಮೊದಲ ನನ್ನ ಮಾತು ಕೇಳು" ಎಂದು, ನಿಂತುಕೊಂಡೇ ಎಲ್ಲ ಹೇಳಿದೆ. ಸ್ಪೀಕರಿನ ಸಂಗತಿಯನ್ನೂ ಹೇಳಿದೆ. ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ. ಏನೂ ಬರಲಿಲ್ಲ. ತಪ್ಪು ಬಾಗಿಲು ತೆರೆದು ಯಾರದೋ ಮನೆಯೊಳಗೆ ಕಾಲಿಟ್ಟವಳ ಹಾಗೆ ನನ್ನನ್ನು ನೋಡಿದಳು. ಫೋನು ತೆಗೆದುಕೊಂಡು ಬಾಗಿಲು ಹಾಕಿಕೊಂಡಳು.

ನಾನು ಮೇಲಿನ ಮೆಟ್ಟಿಲ ಮೇಲೆ ಕೂತೆ. ಒಳಗೆ ಮಾತು ಕೇಳುತ್ತಿರಲಿಲ್ಲ. ಇಬ್ಬರೂ ಅಳುತ್ತಿದ್ದರೋ ಏನೋ.

ಹೊರಗೆ ಬಂದು ಒಂದೇ ಮಾತು ಅಂದಳು. "ನನಗ ಹೇಳಿದ್ರಿ. ಊರಿಗೆ ಯಾರ ಹೇಳಾವ್ರು?"

ಅದಕ್ಕೇ ಇದನ್ನು ಹೇಳಿ ಬರೆಸುತ್ತಿದ್ದೇನೆ. ಊರಿಗೆ ಹಬ್ಬಿದ್ದು ನನ್ನ ಬಾಯಿಯಿಂದ, ಊರಿಗೆ ಕೇಳುವ ಹಾಗೆ ನಾನೇ ಹೇಳಬೇಕು. ಸಿಂದಗಿಯವರು, ಅದರ ಸುತ್ತಲಿನವರು ಯಾರಾದರೂ ಓದಿದರೆ ಓಣಿಯಲ್ಲಿ ಓದಿ ಹೇಳಿ. ಶೈಲಾ ಕಲ್ಲಲ್ಲ. ಅವಳನ್ನು ಯಾರೂ ಕೇಳಲೇ ಇಲ್ಲ. ಶಾಲೆ ಬಿಡಿಸಿದ ಆ ಹುಡುಗಿಯನ್ನು ದಯವಿಟ್ಟು ತಿರುಗಿ ಕಳಿಸಿ. ಹೋಗುತ್ತೀಯಾ ಎಂದು ಅವಳನ್ನೇ ಕೇಳಿ.

ಶೈಲಾ ನಿನ್ನೆ ಪಂಚಮಿಗೆಂದು ತವರಿಗೆ ಹೊರಟಳು. ತಮ್ಮನೇ ಕರೆದಿದ್ದ. ಹೊರಡುವಾಗ ನಾನು ಮೊರದಲ್ಲಿ ಅಕ್ಕಿ, ಖಣ, ಕೊಬ್ಬರಿ ಬಟ್ಟಲು ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದೆ. ಅವಳು ನೋಡಿದಳು.

"ಬ್ಯಾಡ್ರಿ" ಅಂದಳು. "ತುಂಬಾವ್ರು ಅಲ್ಲಿ ಅದಾರ."

ಅತ್ತಿ ಅನ್ನಲಿಲ್ಲ. ಆ ದಿನದಿಂದ ಅಂದಿಲ್ಲ. ಏರ್‌ಪೋರ್ಟಿಗೆ ಬಿಡಲು ಮಹಾಂತೇಶ ಕಾರು ತೆಗೆದ, ಹೋದರು.

ಅಕ್ಕಿಯನ್ನು ಡಬ್ಬಿಗೆ ಸುರಿದೆ. ಕೊಬ್ಬರಿ ಕೆಡಬಾರದೆಂದು ಚಟ್ನಿ ಕುಟ್ಟಿದೆ. ರೊಟ್ಟಿ ಬಡಿದೆ. ಸ್ಟೂಲು ಅಲ್ಲೇ ಇತ್ತು.